ಮುರಿದ ಮೈಕ್ರೋ ಎಸ್‌ಡಿ ಕಾರ್ಡ್, ಆರು ಜಂಪರ್, ಅರ್ಧ ರಾತ್ರಿಯ ಯಕ್ಷಗಾನ

ಮುರಿದ ಮೈಕ್ರೋ ಎಸ್‌ಡಿ ಕಾರ್ಡ್‌ನಿಂದ ಡೇಟಾ ತೆಗೆಯಬಹುದು. ಎಲ್ಲ ಕಾರ್ಡ್‌ನಿಂದಲೂ ಅಲ್ಲ. ಪಿನ್ ಇರುವ ಕಡೆ ಮುರಿದಿರಬೇಕು, ಒಳಗಿನ ಸಿಲಿಕಾನ್ ಸೀಳಿರಬಾರದು. ಅಷ್ಟಿದ್ದರೆ ಲಕ್ಷಗಟ್ಟಲೆ ಬೆಲೆಯ ಮೆಷಿನ್ ಬೇಡ. ಆರು ಜಂಪರ್ (ಕೂದಲಿನಂಥ ತಂತಿ), ರಾಸ್ಪ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್, ಒಂದೆರಡು ರಾತ್ರಿಯ ತಾಳ್ಮೆ ಸಾಕು. ಇದನ್ನು ನಾನು ಬಹಳ ದಿನದಿಂದ ಹೇಳುತ್ತಾ ಬಂದಿದ್ದೆ. ನಮ್ಮ ಪೇಟೆಯ ಮೊಬೈಲ್ ರಿಪೇರಿಯವರು ನಕ್ಕರು. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿರುವ ಒಬ್ಬ ಸ್ನೇಹಿತ, "ಕಾರ್ಡ್ ಮುರಿದ ಮೇಲೆ ಕಸದ ಬುಟ್ಟಿಯೇ ಗತಿ ಮಾರಾಯ, ಸುಮ್ನೆ ಟೈಮ್ ವೇಸ್ಟ್ ಮಾಡ್ಬೇಡ" ಅಂದ. ಈಗ ಫೋಲ್ಡರ್ ತೆರೆದು ತೋರಿಸಿದ್ದೇನೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತೇನೆ.

ಕಾರ್ಡ್ ಕುಂದಾಪುರ ಕಡೆಯ ಒಬ್ಬ ವಿಡಿಯೋಗ್ರಾಫರ್‌ರದ್ದು. 32 ಜಿಬಿ. ಒಂದು ಕಾಲಮಿತಿ ಯಕ್ಷಗಾನ ಆಟದ ಎರಡನೇ ಅರ್ಧ ಪೂರ್ತಿ ಅದರಲ್ಲೇ ಇತ್ತು. ಅಡಾಪ್ಟರ್ ಸಮೇತ ಲ್ಯಾಪ್‌ಟಾಪ್ ಸ್ಲಾಟ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದನ್ನು ಯಾರೋ ಇಕ್ಕಳ ಹಾಕಿ ಎಳೆದಿದ್ದರು. ಪಿನ್‌ಗಳ ಮೇಲೆ ಓರೆಯಾಗಿ ಸೀಳು, ಒಂದು ಮೂಲೆ ಪೂರ್ತಿ ಕಳಚಿ ಬಂದಿತ್ತು. ಅವರು ಆಗಲೇ ಒಂದು ಲ್ಯಾಬ್‌ಗೆ ಫೋನ್ ಮಾಡಿದ್ದರು. ಹೇಳಿದ ರೇಟು 28 ಸಾವಿರದ ಆಸುಪಾಸು, ನೋಡುವುದಕ್ಕೇ ಬೇರೆ ಚಾರ್ಜು. ಆಟ ಆಡಿಸಿದವರು ಕೊಡುವ ವಿಡಿಯೋ ದುಡ್ಡೇ ಅಷ್ಟಿಲ್ಲ ಅಂದರು.

"ಚಿಪ್ ತೆಗೆದು ಬೇರೆ ಕಾರ್ಡ್‌ಗೆ ಹಾಕಿ" ಅನ್ನುವುದು ಎಲ್ಲ ಗಿರಾಕಿಗಳ ಮೊದಲ ಸಲಹೆ. ಹಳೆಯ ದೊಡ್ಡ ಎಸ್‌ಡಿ ಕಾರ್ಡ್‌ಗಳಲ್ಲಿ ಸಣ್ಣ ಬೋರ್ಡ್ ಮೇಲೆ ಡೇಟಾ ಇರುವ 48 ಕಾಲಿನ ಫ್ಲಾಶ್ ಚಿಪ್ ಕೂತಿರುತ್ತಿತ್ತು, ಅದನ್ನಾದರೆ ಕಿತ್ತು ಓದಬಹುದು. ಮೈಕ್ರೋದಲ್ಲಿ ಫ್ಲಾಶ್, ಅದನ್ನು ನಡೆಸುವ ಕಂಟ್ರೋಲರ್ ಎರಡನ್ನೂ ಒಂದೇ ಅಚ್ಚಿನಲ್ಲಿ ಹಾಕಿ ಮುಚ್ಚಿಬಿಟ್ಟಿರುತ್ತಾರೆ. ಕೀಳಲು ಅಲ್ಲಿ ಏನೂ ಇಲ್ಲ. ಮೇಲಿನ ಕಪ್ಪು ಮಾಸ್ಕ್ (ಲೇಪನ) ಕೆರೆದರೆ ಕೆಳಗೆ ಫ್ಯಾಕ್ಟರಿ ಟೆಸ್ಟ್ ಪ್ಯಾಡ್‌ಗಳು ಕಾಣುತ್ತವೆ. ಪಿಸಿ-3000 ಫ್ಲಾಶ್ ಅನ್ನುವ ಲ್ಯಾಬ್ ಮೆಷಿನ್ ಇಟ್ಟುಕೊಂಡವರು ಅಲ್ಲಿಂದ ನೇರವಾಗಿ ಫ್ಲಾಶ್ ಓದಿ, ಆಮೇಲೆ ಇಸಿಸಿ (ತಪ್ಪು ತಿದ್ದುವ ಕೋಡ್), ಎಕ್ಸ್‌ಓಆರ್ (ಡೇಟಾ ಕಲಸಿಡುವ ಕ್ರಮ) ಎಲ್ಲ ಬಿಡಿಸುತ್ತಾರೆ. ಕಂಟ್ರೋಲರ್ ಸತ್ತಿದ್ದರೆ ಅದೊಂದೇ ದಾರಿ. ಬದುಕಿದ್ದರೆ ಆ ತಲೆನೋವನ್ನೆಲ್ಲ ಅದೇ ಬಿಡಿಸಿಕೊಡುತ್ತದೆ, ನಾವು ತಂತಿ ಮುಟ್ಟಿಸಿದರೆ ಆಯ್ತು ಅಲ್ವಾ?

ಹಾಗಾಗಿ ಮೊದಲು ಬದುಕಿದೆಯಾ ಅಂತ ನೋಡುವುದು. ಮೈಕ್ರೋಸ್ಕೋಪ್ ಕೆಳಗೆ ಸೀಳು ಎಲ್ಲಿ ನಿಂತಿದೆ ಅಂತ ನೋಡಿದೆ. ಪಿನ್ ದಾಟಿ ಹೆಚ್ಚು ಒಳಗೆ ಹೋಗಿರಲಿಲ್ಲ. ನಂತರ ಡಿಸಿ ಸಪ್ಲೈಯಲ್ಲಿ 3.3 ವೋಲ್ಟ್, ಲಿಮಿಟ್ 100 ಮಿಲಿಆಂಪ್. ಮುಳ್ಳು ಒಮ್ಮೆ ಹಾರಿ ಕೆಳಗಿಳಿದು ಒಂದೆರಡು ಮಿಲಿಆಂಪ್‌ನಲ್ಲಿ ನಿಂತಿತು. ಇದು ಒಳ್ಳೆಯ ಲಕ್ಷಣ. ಲಿಮಿಟ್‌ಗೇ ಹೋಗಿ ಅಂಟಿಕೊಂಡರೆ ಒಳಗೆ ಶಾರ್ಟ್, ಕಾರ್ಡ್ ವಾಪಸ್ ಕೊಟ್ಟುಬಿಡಿ. ಸೊನ್ನೆಯಲ್ಲೇ ಇದ್ದರೆ ಪವರ್ ಲೈನ್ ಕಟ್ ಆಗಿರಬಹುದು, ಆಸೆ ಬಿಡಬೇಕಿಲ್ಲ.

ಇನ್ನು ಮುಖ್ಯ ವಿಷಯ. ಮೈಕ್ರೋ ಎಸ್‌ಡಿಗೆ ಎಂಟು ಪಿನ್. ಸಾಲಿನ ಒಂದು ತುದಿಯಲ್ಲಿ ಡೇಟಾ-2, ಇನ್ನೊಂದು ತುದಿಯಲ್ಲಿ ಡೇಟಾ-1. ಮೂಲೆ ಮುರಿದರೆ ಮೊದಲು ಸಾಯುವುದು ಇವೆರಡರಲ್ಲಿ ಒಂದು. ಆದರೆ ಎಸ್‌ಪಿಐ ಮೋಡ್‌ಗೆ, ಅಂದರೆ ಒಂದೇ ಡೇಟಾ ತಂತಿಯಲ್ಲಿ ನಿಧಾನವಾಗಿ ಓದುವ ಕ್ರಮಕ್ಕೆ, ಇವೆರಡೂ ಬೇಕಾಗಿಲ್ಲ! ಪವರ್, ಗ್ರೌಂಡ್, ಕ್ಲಾಕ್, ಸಿಎಂಡಿ (ಆದೇಶದ ಲೈನ್), ಡೇಟಾ-0, ಡೇಟಾ-3 ಇಷ್ಟು ಸಾಕು. ಫೋನ್ ಒಳಗಿನ ಇಎಂಎಂಸಿ ಮೆಮೊರಿಗೆ ಐಎಸ್‌ಪಿ ಹಾಕುವವರಿಗೆ (ಚಿಪ್ ಕೀಳದೆ ಬೋರ್ಡ್ ಮೇಲೇ ತಂತಿ ಹಾಕಿ ಓದುವವರಿಗೆ) ಇದು ಹೊಸದಲ್ಲ, ಅಲ್ಲೂ ಡೇಟಾ-0 ಒಂದರಲ್ಲೇ ಎಳೆಯುತ್ತೇವೆ. ಕಾರ್ಡ್ ವಿಷಯದಲ್ಲಿ ಮಾತ್ರ ಎಲ್ಲರೂ ಯುಎಸ್‌ಬಿ ರೀಡರ್‌ಗೆ ತುರುಕಿ, "ಡಿಟೆಕ್ಟ್ ಆಗ್ಲಿಲ್ಲ" ಅಂತ ಕೈಬಿಡುತ್ತಾರೆ. ನನ್ನ ಹತ್ತಿರ ಇರುವ ರೀಡರ್‌ಗಳು ಡೇಟಾ-1 ಇಲ್ಲದಿದ್ದರೆ ಮಿಸುಕುವುದೂ ಇಲ್ಲ.

ಗಿರಾಕಿ ಕಾರ್ಡ್ ಮುಟ್ಟುವ ಮುಂಚೆ ಗುಜರಿ ಡಬ್ಬದ ಕಾರ್ಡ್‌ಗಳನ್ನು ಬೇಕಂತಲೇ ಮುರಿದು ಕೈ ಪಳಗಿಸಿದೆ. ಅಲ್ಲಿ ಸೋತದ್ದೇ ಜಾಸ್ತಿ. ಬ್ಲೇಡಿನಲ್ಲಿ ಮಾಸ್ಕ್ ಕೆರೆದರೆ ತಾಮ್ರವೂ ಎದ್ದು ಬರುತ್ತದೆ, ಅದು ಅಷ್ಟು ತೆಳು. ಸಿಲ್ವರ್ ಪೇಂಟ್ ಹಚ್ಚಿ ಸೀಳು ದಾಟಿಸಲು ನೋಡಿದೆ. ಮೀಟರ್ ಬೀಪ್ ಅನ್ನುತ್ತದೆ, ಒಣಗಿದ ಮೇಲೆ ಕಾರ್ಡ್ ಸ್ವಲ್ಪ ಬಾಗಿದರೂ ಬಿರುಕು. ಸಣ್ಣ ಬಾಟಲಿಗೆ 700 ರೂಪಾಯಿ ಚಿಲ್ಲರೆ ದಂಡ. ಸ್ಪ್ರಿಂಗ್ ಪಿನ್ ಒತ್ತಿ ಹಿಡಿಯುವ ಜಿಗ್ ಮಾಡಿದೆ. ಅದು ಪಿನ್ ಪೂರ್ತಿ ಇರುವ ಕಾರ್ಡ್‌ಗೆ ಚೆನ್ನಾಗಿದೆ, ಮುರಿದದ್ದಕ್ಕೆ ಆಗಲಿಲ್ಲ. ಹಾಟ್ ಏರ್ ಅಂತೂ ಹತ್ತಿರವೂ ತರಬೇಡಿ. ಬಿಸಿ ಏರಿದಷ್ಟೂ ಫ್ಲಾಶ್‌ನ ಚಾರ್ಜ್ ಸೋರುತ್ತದೆ, ಹಳೆಯ ಕಾರ್ಡ್‌ನಲ್ಲಿ ಅದೇ ಸಾಕು ಫೈಲ್ ಕೆಡಲು.

ಕೊನೆಗೆ ನಿಂತ ವಿಧಾನ ಇದು. ಕಾರ್ಡನ್ನು ಹಳೆಯ ಬೋರ್ಡ್ ತುಂಡಿನ ಮೇಲೆ ಯುವಿ ಗ್ಲೂ ಹಾಕಿ ಕೂರಿಸಿದೆ, ಅಲುಗಾಡಬಾರದು. ಸೀಳಿನಿಂದ ಒಳಭಾಗದಲ್ಲಿ ಟ್ರೇಸ್‌ಗಳ ಮೇಲಿನ ಮಾಸ್ಕ್ ತೆಗೆದೆ. ಬ್ಲೇಡ್ ಇಲ್ಲದೆ ಹೇಗೆ ತೆಗೆದೆ ಅನ್ನುವುದನ್ನು ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಅದೇ ಕಂಪನಿಯ, ಅದೇ ತರದ ಒಂದು ಒಳ್ಳೆಯ ಕಾರ್ಡ್ ಪಕ್ಕದಲ್ಲಿಟ್ಟು, ಮೀಟರಿನ ಡಯೋಡ್ ಮೋಡ್‌ನಲ್ಲಿ ಒಂದೊಂದೇ ಲೈನ್ ಹೋಲಿಸಿದೆ. ಸಿಗ್ನಲ್‌ಗಳಿಗೆ 0.02 ಮಿ.ಮೀ. ಜಂಪರ್ ವೈರ್. ಪವರ್, ಗ್ರೌಂಡ್‌ಗೆ ದಪ್ಪದ್ದು, ಹಳೆಯ ರಿಲೇ ಸುರುಳಿಯಿಂದ ಬಿಚ್ಚಿದ್ದು. ಬೆಸುಗೆಗೆ 138 ಡಿಗ್ರಿಯಲ್ಲಿ ಕರಗುವ ಪೇಸ್ಟ್. ಪ್ರತಿ ಜಾಯಿಂಟ್ ಆದ ತಕ್ಷಣ ಮೇಲೆ ಒಂದು ಚುಕ್ಕಿ ಯುವಿ ಮಾಸ್ಕ್. ಇಲ್ಲದಿದ್ದರೆ ಆರನೆಯದು ಹಾಕುವಾಗ ಒಂದನೆಯದು ಎದ್ದಿರುತ್ತದೆ.

ಪೈಯ ಪಿನ್‌ಗಳೂ 3.3 ವೋಲ್ಟೇ, ಹಾಗಾಗಿ ನೇರ ಜೋಡಿಸಬಹುದು. 5 ವೋಲ್ಟಿನ ಆರ್ಡುಯಿನೋಗೆ ನೇರ ಕೊಟ್ಟವರು ಕಾರ್ಡ್‌ಗೆ ತಿಥಿ ಮಾಡಿದ ಹಾಗೆ. ಲಿನಕ್ಸ್‌ನಲ್ಲಿ ಎಂಎಂಸಿ-ಎಸ್‌ಪಿಐ ಡ್ರೈವರ್ ಇದೆ, ಕಾರ್ಡ್ ಮಾಮೂಲಿ ಡಿಸ್ಕ್‌ನಂತೆ ಕಾಣುತ್ತದೆ. ಮೊದಲಿಗೆ ಬರೀ ಎರರ್ ಕೋಡ್ ಮೈನಸ್ 110, ಅಂದರೆ ಟೈಮ್‌ಔಟ್. ಡೇಟಾ-0 ಲೈನ್‌ಗೆ 10 ಕೆ ಪುಲ್‌ಅಪ್ ರೆಸಿಸ್ಟರ್ ಹಾಕಿದ ಮೇಲೆ ಕಾರ್ಡ್ ಹೆಸರು ಹೇಳಿತು. 10 ಮೆಗಾಹರ್ಟ್ಸ್‌ನಲ್ಲಿ ಓದಲು ಹೋದರೆ ಮೈನಸ್ 84, ಅಂದರೆ ಬಂದ ಡೇಟಾ ತಾಳೆಯಾಗದ ಸಿಆರ್‌ಸಿ ಎರರ್ ಸುರಿಮಳೆ. ಕೂದಲಿನಂಥ ವೈರ್‌ನಲ್ಲಿ ಅಷ್ಟು ವೇಗ ಎಲ್ಲಿ ಸಾಧ್ಯ. 4ಕ್ಕೆ ಇಳಿಸಿದೆ, ಎರರ್ ನಿಂತಿತು. ಪವರ್ ಲೈನ್‌ಗೆ ಕಾರ್ಡ್ ಪಕ್ಕದಲ್ಲೇ ಒಂದು ಕೆಪಾಸಿಟರ್ ಹಾಕಿದ್ದೂ ಸಹಾಯ ಮಾಡಿರಬೇಕು. ಅದು ಎಷ್ಟು ಮೈಕ್ರೋಫ್ಯಾರಡ್ ಇರಬೇಕು ಅಂತ ನೀವೇ ಹುಡುಕಿಕೊಳ್ಳಿ.

ವೇಗ ಸೆಕೆಂಡಿಗೆ ಸುಮಾರು 350 ಕೆಬಿ. 32 ಜಿಬಿಗೆ ಒಂದು ಹಗಲು, ಒಂದು ರಾತ್ರಿ, ಮೇಲೆ ಸ್ವಲ್ಪ. ಫೈಲ್ ಒಂದೊಂದೇ ಕಾಪಿ ಮಾಡುವ ಆಸೆ ಬೇಡ, ಡಿಡಿರೆಸ್ಕ್ಯೂ ಪ್ರೋಗ್ರಾಂನಲ್ಲಿ ಪೂರ್ತಿ ಕಾರ್ಡಿನ ಇಮೇಜ್ (ಪಡಿಯಚ್ಚು) ತೆಗೆಯಿರಿ, ಎಲ್ಲಿಯವರೆಗೆ ಓದಿದೆ ಅಂತ ಬರೆದಿಡುವ ಮ್ಯಾಪ್ ಫೈಲ್ ಸಮೇತ. ಆಗಷ್ಟೇ ಮಳೆ ಶುರುವಾಗಿತ್ತು. ನಮ್ಮ ಕಡೆ ಮಳೆ ಅಂದರೆ ಕರೆಂಟ್ ಇಲ್ಲ ಅಂತಲೇ ಲೆಕ್ಕ. ಯುಪಿಎಸ್ ಸುಸ್ತಾಗಿ ನಡುವೆ ಆಫ್ ಆಯಿತು. ಮ್ಯಾಪ್ ಫೈಲ್ ಇದ್ದದ್ದರಿಂದ ನಿಂತಲ್ಲಿಂದಲೇ ಮುಂದುವರಿಯಿತು.

ಓದಲಾಗದೆ ಉಳಿದದ್ದು ಕೆಲವೇ ಸೆಕ್ಟರ್. ಇಮೇಜ್ ಮೌಂಟ್ ಮಾಡಿದರೆ ಫೋಲ್ಡರ್ ಹಾಗೇ ಇತ್ತು, ಕಳೆದ ಫೈಲ್ ಹುಡುಕುವ ಫೋಟೋರೆಕ್ ಓಡಿಸುವ ಅಗತ್ಯವೇ ಬರಲಿಲ್ಲ. ಒಂದು ಕ್ಲಿಪ್‌ನಲ್ಲಿ ಚೆಂಡೆ ಪೆಟ್ಟಿನ ನಡುವೆ ಚಿತ್ರ ಒಂದು ಕ್ಷಣ ಚೌಕ ಚೌಕವಾಗುತ್ತದೆ. ವಿಡಿಯೋಗ್ರಾಫರ್ ಅಲ್ಲಿ ಕತ್ತರಿ ಹಾಕಿಕೊಳ್ಳುತ್ತೇನೆ ಅಂದರು. ಡೇಟಾ ಬಾರದಿದ್ದರೆ ದುಡ್ಡೂ ಬೇಡ ಅಂತ ಮೊದಲೇ ಮಾತಾಗಿತ್ತು. ಬಂದದ್ದಕ್ಕೆ 6 ಸಾವಿರ ತಗೊಂಡೆ. ಈ ಕಾರ್ಡ್‌ಗೆ ಅಂತ ಖರ್ಚಾದದ್ದು 500 ದಾಟಿಲ್ಲ. ಪ್ರಯೋಗಕ್ಕೆ ಸುರಿದ ಎರಡು ಮೂರು ಸಾವಿರ, ಪೈ ಬೆಲೆ ಬೇರೆ.

ಎಸ್‌.ಪಿ. ರೋಡ್ ಸ್ನೇಹಿತ ಈಗ ಎರಡು ಕಾರ್ಡ್ ಕೊರಿಯರ್ ಮಾಡಿದ್ದಾನೆ. ಒಂದು ಸರಿಯಾಗಿ ನಡುಮಧ್ಯೆ ಮುರಿದಿದೆ, 3.3 ಕೊಟ್ಟರೆ ಲಿಮಿಟ್‌ಗೇ ಹೋಗಿ ಬಿಸಿಯಾಗುತ್ತದೆ. ಅದನ್ನು ಹಾಗೇ ವಾಪಸ್ ಕಳಿಸುತ್ತೇನೆ. ಇನ್ನೊಂದರಲ್ಲಿ ಕ್ಲಾಕ್ ಟ್ರೇಸ್ ಮಾತ್ರ ಹೋಗಿದೆ. ರೇಟು ಹೇಳಿದ್ದೇನೆ, ಇನ್ನೂ ಚೌಕಾಸಿ ಮಾಡುತ್ತಿದ್ದಾನೆ.