ಎರಡನೇ ಕ್ವಾರ್ಟರ್ ಹುಡುಗರದ್ದು

ಚೌಕಿಪೇಟೆಯ ನನ್ನ ಬಟ್ಟೆ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಮೇಲೆ ಒಂದು ಫೋಟೊ ಬಹಳ ದಿನ ನೇತಾಡುತ್ತಿತ್ತು. ಬಾಸ್ಕೆಟ್‌ಬಾಲ್ ಕಪ್ ಗೆದ್ದ ದಿನ ತೆಗೆಸಿದ್ದು. ಎದೆ ಮೇಲೆ ‘ದಾವಣಗೆರೆ’ ಅಂತ ಬರೆದ ಹನ್ನೆರಡು ಜರ್ಸಿ. ಸೀರೆ ನೋಡಲು ಬಂದ ಹೆಂಗಸೊಬ್ಬರು ತಲೆ ಎತ್ತಿ, ‘ಇದ್ರಾಗೆ ನಮ್ಮೂರ ಹುಡುಗ್ರು ಯಾರ್ರೀ?’ ಅಂದರು. ಬೆರಳಿಟ್ಟು ತೋರಿಸಲು ಹೋಗಿ ನಾನೇ ತಡವರಿಸಿದೆ. ಫೈನಲ್ ಗೆಲ್ಲಿಸಿದ ಐದೂ ಜನ ಬೆಂಗಳೂರು, ಮೈಸೂರಿನವರು. ಮೂರು ದಿನ ಲಾಡ್ಜಿನಲ್ಲಿದ್ದು, ಕವರ್ ಇಸ್ಕೊಂಡು, ರಾತ್ರಿ ಬಸ್ಸಿಗೆ ಹೊರಟವರು. ನಮ್ಮ ಏಳು ಹುಡುಗರು ಫೋಟೊದ ಅಂಚಿನಲ್ಲಿದ್ದರು. ಒಬ್ಬನ ಕೈಯಲ್ಲಿ ಇನ್ನೂ ನೀರಿನ ಬಾಟಲಿಗಳಿದ್ದವು.

ಆ ಟೂರ್ನಮೆಂಟಿಗೆ ಸ್ಕೋರ್ ಬರೆದವನು ನಾನೇ. ಸ್ಕೋರ್ ಶೀಟ್ ನೋಡಿದರೆ ಯಾರು ಕೋರ್ಟಿಗೆ ಇಳಿದರು ಅನ್ನೋದು ಗೊತ್ತಾಗುತ್ತದೆಯೇ ಹೊರತು, ಎಷ್ಟು ಹೊತ್ತು ಆಡಿದರು ಅನ್ನೋದು ಗೊತ್ತಾಗಲ್ಲ. ಯಾರೋ ಮೊಬೈಲಿನಲ್ಲಿ ತೆಗೆದ ಫೈನಲ್‌ನ ವಿಡಿಯೊ ಇತ್ತು. ಅಂಗಡಿ ಬಾಗಿಲು ಹಾಕಿದ ಮೇಲೆ ಅದನ್ನಿಟ್ಟುಕೊಂಡು ಲೆಕ್ಕಕ್ಕೆ ಕೂತೆ. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಒಳಗೆ ಯಾವಾಗಲೂ ಐವರು. ಅಂದರೆ ಒಂದು ಮ್ಯಾಚಿನಲ್ಲಿ ತಂಡದ ಕೈಯಲ್ಲಿರೋದು ಒಟ್ಟು 200 ನಿಮಿಷ. ಹನ್ನೆರಡು ಜನಕ್ಕೆ ಸಮ ಹಂಚಿದರೆ ತಲಾ ಹದಿನಾರು ನಿಮಿಷ, ಮೇಲೆ ಚಿಲ್ಲರೆ. ನಮ್ಮ ಏಳೂ ಹುಡುಗರಿಗೆ ಸೇರಿ ಸಿಕ್ಕಿದ್ದು ಒಂಬತ್ತು ನಿಮಿಷ. ಅದೂ ಮ್ಯಾಚ್ ಕೈಗೆ ಬಂದ ಮೇಲೆ, ಕೊನೆಗೆ, ಹೋಗ್ಲಿ ಪಾಪ ಅಂತ ಇಳಿಸಿದ್ದು.

ಮಾರನೇ ದಿನ ಫೋಟೊ ಇಳಿಸಿದೆ. ಲೀಗ್ ಮಾಡೋಣ ಅಂತ ಹಳೇ ಜೊತೆಗಾರರನ್ನು ಕರೆದು ಮಂಡಕ್ಕಿ-ಮೆಣಸಿನಕಾಯಿ ತಿನ್ನಿಸಿದ್ದು ಆ ವಾರವೇ.

‘ಲೀಗ್ ಯಾಕೆ, ನಾಕೌಟ್ ಇಟ್ಟರೆ ಎರಡು ದಿನದಲ್ಲಿ ಮುಗಿಯುತ್ತಲ್ಲ’ ಅಂದವರೇ ಹೆಚ್ಚು. ಖರ್ಚಿನ ದೃಷ್ಟಿಯಿಂದ ಅದು ಸರಿ. ಆದರೆ ಎಂಟು ತಂಡಗಳ ನಾಕೌಟ್ ಅಂದರೆ ಒಟ್ಟು ಏಳೇ ಮ್ಯಾಚು, ಅದರಲ್ಲಿ ನಾಲ್ಕು ತಂಡ ಒಂದೇ ಮ್ಯಾಚ್ ಆಡಿ ಗಂಟುಮೂಟೆ ಕಟ್ಟುತ್ತವೆ. ಒಂದು ಮ್ಯಾಚಿನಲ್ಲಿ ತಪ್ಪು ಮಾಡಿದ ಹುಡುಗ ಆ ತಪ್ಪು ತಿದ್ದಿಕೊಳ್ಳಲು ವರ್ಷ ಕಾಯಬೇಕು. ನಾವು ಆರೇ ತಂಡ ಇಟ್ಟುಕೊಂಡು, ಒಬ್ಬರ ಮೇಲೊಬ್ಬರು ಎರಡೆರಡು ಸಲ ಆಡುವ ಹಾಗೆ ಮಾಡಿದೆವು. ಒಟ್ಟು 30 ಮ್ಯಾಚು, ತಂಡಕ್ಕೆ ಹತ್ತು. ಭಾನುವಾರಕ್ಕೆ ಮೂರರಂತೆ ಹತ್ತು ಭಾನುವಾರ. ದೀಪಾವಳಿ ಕಳೆದ ಮೇಲೆ ಶುರು, ಬೆಳಗ್ಗೆ ಆರೂವರೆಗೆ ಮೊದಲ ವಿಸಿಲ್. ನಮ್ಮೂರ ಬಿಸಿಲಿಗೆ ಸಿಮೆಂಟ್ ಕೋರ್ಟಿನಲ್ಲಿ ಹನ್ನೊಂದರ ಮೇಲೆ ನಿಲ್ಲೋಕಾಗಲ್ಲ.

ನಮ್ಮದು ಕುಸ್ತಿಯ ಊರು. ದುರ್ಗಾಂಬಿಕಾ ಜಾತ್ರೆಯ ಬಯಲು ಕುಸ್ತಿಗೆ ಜನ ಮರ ಹತ್ತಿ ಕೂರುತ್ತಾರೆ, ನಮ್ಮ ಆಟಕ್ಕೆ ಹಾಕಿದ ಕುರ್ಚಿಯೂ ತುಂಬುತ್ತಿರಲಿಲ್ಲ. ಫಿಲಿಪೀನ್ಸ್‌ನಲ್ಲಿ ಊರೂರಿನ ತಂಡಗಳನ್ನು ಕಟ್ಟಿ 2017ರಲ್ಲಿ ಬಾಸ್ಕೆಟ್‌ಬಾಲ್ ಲೀಗ್ ಹುಟ್ಟುಹಾಕಿದವನು ಬಾಕ್ಸರ್ ಮ್ಯಾನಿ ಪಾಕಿಯಾವೊ ಅಂತ ಓದಿದ್ದೆ. ಹಾಗಾದರೆ ನಮ್ಮ ಪೈಲ್ವಾನರನ್ನೂ ಕೇಳೋಣ ಅಂತ ಒಂದು ಗರಡಿಗೆ ಹೋದೆ. ಉಸ್ತಾದರು ನಕ್ಕು, ಹಾಲು ಕುಡಿಸಿ, ಮೊದಲ ವರ್ಷದ ರೆಫ್ರಿಗಳ ಖರ್ಚು ಕೊಟ್ಟು ಕಳಿಸಿದರು. ಆಟ ನೋಡಲು ಮಾತ್ರ ಇವತ್ತಿಗೂ ಬಂದಿಲ್ಲ.

ಕೋರ್ಟ್ ಒಂದು ಕಾಲೇಜಿನದು. ಮೊದಲ ಮ್ಯಾಚಿನ ಹಿಂದಿನ ಸಂಜೆ ಟೇಪ್ ಹಿಡಿದು ಅಳೆದರೆ, ಉತ್ತರದ ರಿಂಗ್ ಸರಿಯಾಗಿ 3.05 ಮೀಟರ್ ಇದೆ, ದಕ್ಷಿಣದ್ದು ನಾಲ್ಕು ಇಂಚು ಕಮ್ಮಿ! ಆ ಕಡೆ ನೆಲ ಬಿರುಕು ಬಿಟ್ಟಿತ್ತಂತೆ, ಹಳೇ ಸಿಮೆಂಟಿನ ಮೇಲೇ ಹೊಸದು ಹಾಕಿಬಿಟ್ಟಿದ್ದರು. ಕಂಬ ಇದ್ದಲ್ಲೇ ಇತ್ತು, ನೆಲ ಮೇಲೆ ಬಂದಿತ್ತು. ಎಷ್ಟು ವರ್ಷದಿಂದ ಹುಡುಗರು ಅದರ ಮೇಲೇ ಕೈ ಪಳಗಿಸಿಕೊಂಡಿದ್ದರೋ. ಹೊರ ಊರಿಗೆ ಹೋದಾಗ ನಮ್ಮವರ ಶಾಟ್ ರಿಂಗಿನ ಮುಂಭಾಗಕ್ಕೆ ಬಡಿದು ವಾಪಸ್ ಬರೋದು ಯಾಕೆ ಅಂತ ಅವತ್ತು ತಿಳಿಯಿತು. ನಾವೆಲ್ಲ ಹೆದರಿಕೆ ಅಂದುಕೊಂಡಿದ್ದೆವು. ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ, ಆ್ಯಂಗಲ್ ಕೊಟ್ಟು ಬೋರ್ಡ್ ಸಮೇತ ಮೇಲೆತ್ತಿಸಿದೆವು. ಆಮೇಲೆ ಒಂದು ತಿಂಗಳು ಮನೆ ಅಂಗಳದಲ್ಲೂ ನಮ್ಮವರ ಶಾಟ್ ಮುಂಭಾಗಕ್ಕೇ ಬಡಿಯಿತು, ಆ ಮಾತು ಬೇರೆ.

ಬಾಲ್ ಕೈಗೆ ಬಂದ ತಂಡ 24 ಸೆಕೆಂಡಿನೊಳಗೆ ರಿಂಗಿಗೆ ಎಸೆಯಬೇಕು, ಅದನ್ನು ಎಣಿಸುವ ಗಡಿಯಾರಕ್ಕೆ ದುಡ್ಡಿರಲಿಲ್ಲ. ಗಂಟಲಿದ್ದ ಹುಡುಗನೊಬ್ಬನಿಗೆ ಸ್ಟಾಪ್‌ವಾಚ್ ಕೊಟ್ಟು ‘ಐದು, ನಾಲ್ಕು, ಮೂರು’ ಅಂತ ಕೂಗಿಸಿದೆವು. ಈಗ ದುಡ್ಡಿದೆ, ಆದರೂ ಅವನನ್ನು ಬಿಟ್ಟಿಲ್ಲ.

ಕಷ್ಟವಾಗಿದ್ದು ನಿಯಮದ ವಿಷಯದಲ್ಲಿ. ಮೊದಲ ವರ್ಷ, ಎರಡನೇ ಕ್ವಾರ್ಟರಿನಲ್ಲಿ ಪ್ರತಿ ತಂಡವೂ ಇಪ್ಪತ್ತರೊಳಗಿನ ಇಬ್ಬರನ್ನು ಕಡ್ಡಾಯವಾಗಿ ಆಡಿಸಬೇಕು ಅಂತ ಮಾಡಿದೆ. ನನ್ನ ಮಟ್ಟಿಗೆ ಬಹಳ ಜಾಣ ನಿಯಮ. ಮೂರನೇ ಭಾನುವಾರ ನೋಟ್‌ಬುಕ್ ಹಿಡಿದು ಒಬ್ಬ ಹುಡುಗನನ್ನೇ ನೋಡುತ್ತಾ ನಿಂತೆ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವನು, ಉದ್ದಕ್ಕಿದ್ದ, ಎಲ್ಲರೂ ಲಂಬು ಅಂತಲೇ ಕರೆಯುತ್ತಿದ್ದರು. ಆ ಹತ್ತು ನಿಮಿಷದಲ್ಲಿ ಬಾಲ್ ಅವನ ಕೈಗೆ ಬಂದಿದ್ದು ಎರಡೇ ಸಲ. ಎರಡು ಸಲವೂ ಲೈನಿನ ಆಚೆ ನಿಂತು ಒಳಗೆ ಹಾಕಿಕೊಡೋಕೆ! ಇಬ್ಬರು ಹುಡುಗರನ್ನು ಮೂಲೆಯಲ್ಲಿ ನಿಲ್ಲಿಸಿ, ಮೂರು ಜನ ಹಿರಿಯರೇ ಆಟ ಮುಗಿಸುತ್ತಿದ್ದರು. ನಿಯಮ ಪಾಲನೆಯಾಗಿತ್ತು, ಕಂಪ್ಲೇಂಟ್ ಮಾಡುವಂತಿರಲಿಲ್ಲ.

ಮುಂದಿನ ವರ್ಷ ಎರಡನೇ ಕ್ವಾರ್ಟರ್ ಪೂರ್ತಿ ಹುಡುಗರಿಗೇ ಬಿಟ್ಟೆವು. ಐದಕ್ಕೆ ಐದೂ ಜನ ಇಪ್ಪತ್ತರೊಳಗಿನವರು, ಎರಡೂ ಕಡೆ. ಒಂದು ತಂಡ ‘ಇದೇನ್ ಮಕ್ಕಳಾಟನಾ’ ಅಂತ ಬಿಟ್ಟು ಹೋಯಿತು, ಬದಲಿಗೆ ಹರಿಹರದವರು ಬಂದರು. ಮೊದಲ ಭಾನುವಾರ ಆ ಹತ್ತು ನಿಮಿಷದ ಸ್ಕೋರು 4–3. ನೋಡೋಕಾಗುತ್ತಿರಲಿಲ್ಲ, ಹಿರಿಯರು ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಈಗ ಬಾಲಿನಿಂದ ತಪ್ಪಿಸಿಕೊಂಡು ಓಡಾಡಲು ಜಾಗವಿರಲಿಲ್ಲ. ಹುಡುಗರೇ ತರಬೇಕು, ಹುಡುಗರೇ ಹಾಕಬೇಕು, ಸೋತರೆ ಮೂರನೇ ಕ್ವಾರ್ಟರಿಗೆ ಇಳಿಯುವ ಅಣ್ಣಂದಿರ ಬೈಗುಳವನ್ನೂ ಅವರೇ ತಿನ್ನಬೇಕು.

ಲಂಬು ರೀಬೌಂಡಿಗೆ, ಅಂದರೆ ರಿಂಗಿಗೆ ಬಡಿದು ಚಿಮ್ಮುವ ಬಾಲಿಗೆ, ಚೆನ್ನಾಗಿ ಹಾರುತ್ತಿದ್ದ. ಇಳಿದ ಮೇಲೆ ಬಾಲನ್ನು ಸೊಂಟದ ಮಟ್ಟಕ್ಕೆ ತರುತ್ತಿದ್ದ, ಕುಳ್ಳ ಗಾರ್ಡುಗಳು ಕಿತ್ತುಕೊಂಡು ಓಡುತ್ತಿದ್ದರು. ‘ಗದ್ದದ ಕೆಳಗೆ ಇಟ್ಕೋ, ಎರಡೂ ಮೊಣಕೈ ಅಗಲ ಮಾಡು’ ಅಂತ ಹೇಳಿ ಹೇಳಿ ಸಾಕಾಗಿತ್ತು. ಒಂದಿನ ಅವನೇ, ‘ಜರಡಿ ಹಿಡ್ದಂಗಾ ಸಾರ್?’ ಅಂದ. ಭಟ್ಟಿಯಲ್ಲಿ ಬಿಸಿ ಮರಳು ಸೋಸಲು ಜರಡಿ ಹಿಡಿಯುವ ಕೈ ಅದು. ಹಿಡಿದು ತೋರಿಸಿದ. ಕೋಚಿಂಗ್ ಕ್ಯಾಂಪಿನಲ್ಲಿ ಕಲಿಸೋದೂ ಅದೇ ಭಂಗಿ. ಆಮೇಲೆ ಅವನ ಕೈಯಿಂದ ಬಾಲ್ ಕಿತ್ತವರನ್ನು ನಾನು ನೋಡಲಿಲ್ಲ. ಏಳನೇ ಭಾನುವಾರದ ಹೊತ್ತಿಗೆ ಎರಡನೇ ಕ್ವಾರ್ಟರ್ ನೋಡಲೆಂದೇ ಭಟ್ಟಿ ಲೇಔಟಿನಿಂದ ಎರಡು ಲಗೇಜ್ ಆಟೊ ತುಂಬ ಹುಡುಗರು ಬರುತ್ತಿದ್ದರು. ಮೂರನೇ ಕ್ವಾರ್ಟರ್ ಶುರುವಾದರೆ ಎದ್ದು ಚಹಾಕ್ಕೆ ಹೋಗೋರು.

ಇನ್ನು ಹೊರಗಿನವರ ಕಾಟ. ‘ಜಿಲ್ಲೆಯೊಳಗಿನ ವಿಳಾಸ ಇರಬೇಕು’ ಅಂತ ಬರೆದಿದ್ದೆವು. ಒಂದು ತಂಡದವರು ಆರಡಿ ಐದಿಂಚಿನ ಒಬ್ಬನನ್ನು ಬಾಡಿಗೆ ಕರಾರುಪತ್ರದ ಸಮೇತ ಕರೆತಂದರು. ವಿನೋಬನಗರದ ಮನೆಯಂತೆ, ಸ್ಟ್ಯಾಂಪು, ಸಹಿ ಎಲ್ಲ ಖಡಕ್ಕಾಗಿತ್ತು. ಮ್ಯಾಚ್ ಮುಗಿಸಿ ಅವನು ನಮ್ಮ ಸ್ಕೋರರ್ ಹತ್ತಿರ, ‘ಬ್ರೋ, ಈ ವಿನೋಬನಗರ ಯಾವ ಕಡೆ?’ ಅಂತ ಕೇಳಿದ.

ಅದೇ ವಿಳಾಸದ ನಿಯಮ ಹರಪನಹಳ್ಳಿಯ ಅಣ್ಣ-ತಮ್ಮಂದಿರಿಬ್ಬರನ್ನು ಹೊರಗಿಟ್ಟಿತು. ಹರಪನಹಳ್ಳಿ 1997ರಲ್ಲಿ ನಮ್ಮ ಜಿಲ್ಲೆಗೆ ಬಂತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಹುಡುಗರು ಎಲ್ಲಿಗೂ ಹೋಗಿರಲಿಲ್ಲ. ಇಲ್ಲೇ ಹಾಸ್ಟೆಲಿನಲ್ಲಿದ್ದು, ದಿನಾ ನಮ್ಮ ಕೋರ್ಟಿನಲ್ಲೇ ಆಡುತ್ತಿದ್ದರು. ‘ನಮ್ ತಪ್ಪೇನ್ ಸಾರ್?’ ಅಂದರೆ ಏನು ಹೇಳೋದು?

ಯುರೋಪಿನ ಫುಟ್‌ಬಾಲಿನಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ. ಆಟಗಾರ ಯಾವ ದೇಶದವನು ಅಂತ ಕೇಳಲ್ಲ. 15ರಿಂದ 21 ವರ್ಷದೊಳಗೆ ಮೂರು ವರ್ಷ ಆ ಕ್ಲಬ್ಬಿನಲ್ಲಿ ಪಳಗಿದ್ದರೆ ಅವನು ಆ ಕ್ಲಬ್ಬು ಬೆಳೆಸಿದವನು. ನಾವು ಅದನ್ನೇ ಸ್ವಲ್ಪ ಇಳಿಸಿ ಎರಡು ವರ್ಷ ಮಾಡಿದೆವು, ಕ್ಲಬ್ಬಿನ ಬದಲು ಕೋರ್ಟ್ ಅಂದೆವು. ಮೇಷ್ಟ್ರೋ ಹಿರಿಯ ಆಟಗಾರನೋ ಸಾಕ್ಷಿ ಸಹಿ ಹಾಕಬೇಕು. ಸುಳ್ಳು ಸಹಿ ಬರೋದಿಲ್ಲ ಅಂತಲ್ಲ. ಆದರೆ ಎರಡು ವರ್ಷ ಬೆಳಗ್ಗೆ ಕೋರ್ಟಿಗೆ ಬಂದವನನ್ನು ಗುರುತಿಸಲು ನಾಲ್ಕು ಜನ ಇದ್ದೇ ಇರುತ್ತಾರೆ.

ಲಂಬು ಈಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ, ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು. ಹೋದ ದೀಪಾವಳಿಗೆ ಬಂದವನು ಆಡ್ತೀನಿ ಅಂದ. ಹಳೇ ಫಾರಂಗಳೇ ಉಳಿದಿದ್ದವು. ‘ವಿಳಾಸ’ ಅನ್ನೋದನ್ನು ಪೆನ್ನಿನಲ್ಲಿ ಹೊಡೆದುಹಾಕಿ ‘ಆಟ ಕಲಿತ ಕೋರ್ಟ್’ ಅಂತ ಬರೆದುಕೊಟ್ಟೆವು. ಅವನು ಕಾಲೇಜಿನ ಹೆಸರು ಬರೆಯಲಿಲ್ಲ. ‘ರಿಂಗ್ ನಾಕಿಂಚ್ ಕೆಳಗಿದ್ದ ಕೋರ್ಟ್’ ಅಂತ ಬರೆದ.

ಸ್ಕೋರರ್ ನನ್ನ ಮುಖ ನೋಡಿದ. ಸೀಲ್ ಹಾಕು ಅಂದೆ.