ಕೋಡ್ ಬರೆಯುವ ಮುನ್ನ ಒಂದು ಕಾಗದ ಬರೆಯಿರಿ

ರಾಯಚೂರಿನ ಗಂಜ್‌ನಲ್ಲಿ ಒಂದು ಹತ್ತಿ ದಲಾಲಿ ಅಂಗಡಿ. ತೂಕ, ದರ, ಹಮಾಲಿ ಹಾಕಿದರೆ ರೈತರಿಗೆ ಕೊಡುವ ಲೆಕ್ಕದ ಪಟ್ಟಿ ಪ್ರಿಂಟ್ ಆಗಿ ಬರುವಂಥ ಸಾಫ್ಟ್‌ವೇರನ್ನು ನಾವು ಮೂವರು ಗೆಳೆಯರು ಅವರಿಗೆ ಮಾಡಿಕೊಟ್ಟಿದ್ದೆವು. ಕರಾರು ಬರೆಯೋಣ ಅಂದಾಗ ಸಾವ್ಕಾರರು, "ನಮ್ಮ ನಮ್ಮೊಳಗ ಕಾಗದ ಯಾಕ ತಮ್ಮಾ?" ಅಂದರು. ನಮಗೂ ಸರಿ ಅನ್ನಿಸಿತು.

ಆರು ತಿಂಗಳಾದ ಮೇಲೆ, "ರೊಕ್ಕ ಕೊಟ್ಟೀನಿ, ಕೋಡ್ ಎಲ್ಲಾ ಪೆನ್‌ಡ್ರೈವ್‌ನ್ಯಾಗ ಹಾಕಿ ಕೊಡ್ರಿ" ಎಂದು ಪಟ್ಟು ಹಿಡಿದರು. ಅದೇ ಕೋಡ್ ನಂಬಿ ನಾವು ಸಿಂಧನೂರಿನ ಎರಡು ಅಂಗಡಿಗಳ ಕೆಲಸ ಒಪ್ಪಿಕೊಂಡಿದ್ದೆವು. ದಾರಿ ಕಾಣದೆ ವಕೀಲರ ಬಳಿ ಹೋದೆವು. ಅಲ್ಲಿ ಕಲಿತದ್ದನ್ನು, ಆಮೇಲೆ ಪ್ರತಿ ಕೆಲಸದಲ್ಲೂ ಪಾಲಿಸಿದ್ದನ್ನು ಹಂತ ಹಂತವಾಗಿ ಹೇಳುತ್ತೇನೆ. ಬಳ್ಳಾರಿ, ಕೊಪ್ಪಳದಲ್ಲಿ ಇದೇ ಕೆಲಸಕ್ಕೆ ಇಳಿದಿರುವ ಹುಡುಗ ಹುಡುಗಿಯರು ನಮ್ಮ ಹಾಗೆ ಪೇಚಾಡಬಾರದು.

ಮೊದಲು, ಕೋಡ್ ಯಾರದು ಎಂದು ತೀರ್ಮಾನಿಸಿ

1957ರ ಕಾಪಿರೈಟ್ ಕಾಯ್ದೆಯಲ್ಲಿ ಸಾಫ್ಟ್‌ವೇರ್‌ಗೆ ಕಥೆ, ಕವನದ ಸಾಲಿನಲ್ಲೇ ಜಾಗ. ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದ ಕೋಡ್ ಕಂಪನಿಯದು. ಹೊರಗಿನವರು ಬರೆದರೆ, ಬೇರೆ ಕರಾರು ಇಲ್ಲದಿದ್ದಾಗ, ಅದು ಬರೆದವರದೇ. ದುಡ್ಡು ಯಾರೇ ಕೊಟ್ಟಿರಲಿ. ಅಂದರೆ ಸಾವ್ಕಾರರು ಹಣ ಕೊಟ್ಟಿದ್ದರೂ ಕೋಡ್ ನಮ್ಮದು. ನಮಗೆ ಖುಷಿಯಾಯಿತು. ಅಷ್ಟರಲ್ಲಿ ವಕೀಲರು ಕೇಳಿದರು: "ಪಟ್ಟಿ ಪ್ರಿಂಟ್ ಮಾಡೋ ಭಾಗ ಬರೆದವರು ಯಾರು?"

ಬರೆದವನು ಕಾಲೇಜು ಓದುತ್ತಾ ಬಿಡಿ ಕೆಲಸಕ್ಕೆ ಬಂದಿದ್ದ ಹುಡುಗ. ಫೋನ್‌ಪೇಯಲ್ಲಿ ಎಂಟು ಸಾವಿರ ಕಳಿಸಿದ್ದೆವು, ಅಷ್ಟೇ. ಅದೇ ನಿಯಮ ಅವನಿಗೂ ಅನ್ವಯ. ಆ ಭಾಗ ಅವನದು!

ಪುಣ್ಯಕ್ಕೆ ಅವನು ಒಳ್ಳೆಯವನು, ಹಕ್ಕು ವರ್ಗಾವಣೆಯ ಪತ್ರಕ್ಕೆ ಸಹಿ ಹಾಕಿದ. ಈ ಪತ್ರದಲ್ಲಿ ಎಚ್ಚರ ಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದೇ ಹಿಡಿಯುತ್ತದೆ. ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷ ಬಳಸದಿದ್ದರೆ ಅದು ಬಿದ್ದೂ ಹೋಗಬಹುದು, ಹಾಗಾಗದು ಎಂದು ಪತ್ರದಲ್ಲೇ ಬರೆಸಬೇಕು. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ನಮೂನೆಯಲ್ಲಿ ಈ ಮೂರೂ ಇವೆಯೇ ನೋಡಿ.

ಆಮೇಲೆ ವಕೀಲರು ಸಾವ್ಕಾರರನ್ನು ಕರೆಸಿ ಕೂರಿಸಿದರು. "ಕೋಡ್ ತಗೊಂಡು ಏನ್ ಮಾಡ್ತೀರಿ ಸಾವ್ಕಾರ್ರೇ?" ಎಂದು ಕೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಹುಡುಗ್ರು ನಾಳೆ ಬೆಂಗಳೂರಿಗೆ ಹೋದ್ರ ನನ್ನ ಲೆಕ್ಕ ಯಾರು ನೋಡಬೇಕ್ರೀ?" ಎಂದರು. ಆರು ತಿಂಗಳಲ್ಲಿ ನಾವು ಯಾರೂ ಅವರನ್ನು ಈ ಪ್ರಶ್ನೆ ಕೇಳಿರಲಿಲ್ಲ. ಎರಡು ಪುಟದ ಕರಾರು ತಯಾರಾಯಿತು. ಕೋಡ್ ನಮ್ಮದು. ಬಳಸುವ ಹಕ್ಕು ಅಂಗಡಿಗೆ ಕಾಯಂ. ನಾವು 60 ದಿನ ಸತತವಾಗಿ ಸೇವೆ ನಿಲ್ಲಿಸಿದರೆ ಕೋಡ್‌ನ ಪ್ರತಿ ಅವರ ಕೈಗೆ. ಕೋರ್ಟಿಗೆ ಹೋಗುವ ಮಾತೇ ಬರಲಿಲ್ಲ.

ಎರಡನೆಯದು, ಗಿರಾಕಿಯ ಜೊತೆ ಕರಾರು

ಏನು ಮಾಡಿಕೊಡುತ್ತೀರಿ, ಯಾವುದಕ್ಕೆ ಹೆಚ್ಚುವರಿ ಹಣ, ಯಾವ ಹಂತಕ್ಕೆ ಎಷ್ಟು ಎಂದು ಬಿಡಿಸಿ ಬರೆಯಿರಿ. ಸಾಫ್ಟ್‌ವೇರ್ ಕೈಕೊಟ್ಟು ನಷ್ಟವಾದರೆ ನಿಮ್ಮ ಹೊಣೆ ಎಷ್ಟು ಮೊತ್ತದವರೆಗೆ ಎಂಬ ಮಿತಿಯೂ ಬೇಕು. ಛಾಪಾ ಕಾಗದದಲ್ಲಿ ಉಳಿತಾಯ ಬೇಡ. ಶುಲ್ಕ ಕಡಿಮೆ ಇದ್ದರೆ, ಬಾಕಿ ಮತ್ತು ದಂಡ ಕಟ್ಟುವವರೆಗೆ ಆ ಪತ್ರವನ್ನು ಕೋರ್ಟ್ ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ.

ಕೊನೆಯ ಪುಟದಲ್ಲಿ ವ್ಯಾಜ್ಯ ಯಾವ ಊರಿನ ಕೋರ್ಟಿಗೆ ಎಂಬ ಸಾಲು ಇರುತ್ತದೆ. ಓದದೇ ಸಹಿ ಹಾಕಬೇಡಿ. ಹೈದರಾಬಾದಿನ ಗಿರಾಕಿ ಹೈದರಾಬಾದ್ ಎಂದೇ ಬರೆದಿರುತ್ತಾನೆ, ಅಲ್ವಾ? ನಮ್ಮ ಊರಿನ ಹೆಸರು ಹಾಕಿಸಲು ಪ್ರಯತ್ನಿಸಿ. ಆಗ ಮೇಲ್ಮನವಿ ಹೈಕೋರ್ಟಿಗೆ ಹೋದರೂ ರಾಯಚೂರಿನವರಿಗೆ ಕಲಬುರಗಿ ಪೀಠ, ಬಳ್ಳಾರಿ ಮತ್ತು ಕೊಪ್ಪಳದವರಿಗೆ ಧಾರವಾಡ ಪೀಠ ಸಿಗುತ್ತದೆ.

ಮೂರನೆಯದು, ಬಾಕಿ ಹಣ

ಕೆಲಸ ಒಪ್ಪಿಕೊಳ್ಳುವ ಮೊದಲೇ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಮಾಡಿಸಿ. ಆನ್‌ಲೈನ್‌ನಲ್ಲಿ, ಉಚಿತ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಗಿರಾಕಿ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಈ ಕಾಯ್ದೆಯನ್ನು ಹೆಸರಿಸಿ ವಕೀಲರು ಒಂದು ನೋಟಿಸ್ ಕಳಿಸಿದರೆ ಅದರ ತೂಕವೇ ಬೇರೆ. ಮೂರು ವರ್ಷ ದಾಟುವವರೆಗೆ ಮಾತ್ರ ಕಾಯಬೇಡಿ. ಬಾಕಿ ವಸೂಲಿಯ ದಾವೆಗೆ ಸಾಮಾನ್ಯವಾಗಿ ಅದೇ ಗಡುವು.

ನಾಲ್ಕನೆಯದು, ಜನರ ಮಾಹಿತಿ

ನಮ್ಮ ಲ್ಯಾಪ್‌ಟಾಪಿನಲ್ಲಿ ಟೆಸ್ಟಿಂಗ್‌ಗೆ ಇಟ್ಟುಕೊಂಡಿದ್ದ ಫೈಲ್ ತೆರೆದು ವಕೀಲರಿಗೆ ತೋರಿಸಿದೆವು. ಸಾಲು ಸಾಲು ರೈತರ ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ. ಎಲ್ಲಾ ನಿಜವಾದವು. "ಈಗಲೇ ಅಳಿಸಿ" ಎಂದರು. ನಂಬಿ ಕೊಟ್ಟವರ ಖಾತೆ ನಂಬರ್ ಅದು, ಸುಮ್ನೆ ಬಿದ್ದಿತ್ತು.

2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿಗೆ ಬರುತ್ತವೆ. ಮಾಹಿತಿ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಕಾಯ್ದೆಯ ಹೊಣೆ ಮೊದಲು ಅಂಗಡಿಯವರದು. ಆದರೆ ಕರಾರಿನ ಮೂಲಕ ಅವರು ಅದನ್ನು ನಿಮ್ಮ ಹೆಗಲಿಗೆ ಹಾಕಬಹುದು. ಆ ಸಾಲುಗಳನ್ನು ವಕೀಲರಿಂದಲೇ ಓದಿಸಿ. ಮಾಹಿತಿ ಸೋರಿಕೆಯಾದರೆ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಎಂಬ ಆದೇಶ 2022ರಿಂದಲೇ ಇದೆ.

ಉಳಿದವು ಚಿಕ್ಕವು. ಬೇರೆಯವರ ಓಪನ್ ಸೋರ್ಸ್ ಕೋಡ್ ಬಳಸಿದ್ದರೆ ಅದರ ಲೈಸೆನ್ಸ್ ಓದಿ. ಜಿಪಿಎಲ್ ಎಂಬ ಲೈಸೆನ್ಸಿನ ಕೋಡ್ ಬೆರೆಸಿದ ಸಾಫ್ಟ್‌ವೇರ್ ಹಂಚಿದರೆ ನಿಮ್ಮ ಮೂಲ ಕೋಡನ್ನೂ ಕೊಡಬೇಕಾಗುತ್ತದೆ. ಸಾಫ್ಟ್‌ವೇರ್‌ನ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಿ, 10 ವರ್ಷಕ್ಕೊಮ್ಮೆ ನವೀಕರಿಸಿದರೆ ಸಾಕು.

ವಕೀಲರನ್ನು ಹುಡುಕುವುದು ಹೇಗೆ?

ಬಾರ್ ಕೌನ್ಸಿಲ್ ನಿಯಮದಂತೆ ವಕೀಲರು ಜಾಹೀರಾತು ಕೊಡುವಂತಿಲ್ಲ. ನಿಮ್ಮ ಲೆಕ್ಕ ನೋಡುವ ಆಡಿಟರ್‌ರನ್ನು ಕೇಳಿ, ಗೊತ್ತಿರುವ ವ್ಯಾಪಾರಿಗಳನ್ನು ಕೇಳಿ. ಸಿವಿಲ್ ವಕೀಲರೆಲ್ಲ ಸಾಫ್ಟ್‌ವೇರ್ ಕರಾರು ಬರೆದಿರುವುದಿಲ್ಲ. ಹಿಂದೆ ಬರೆದಿದ್ದೀರಾ ಎಂದು ನೇರವಾಗಿ ಕೇಳುವುದರಲ್ಲಿ ತಪ್ಪಿಲ್ಲ. ಫೀಸು ಒಟ್ಟಿಗೋ, ಭೇಟಿಗೆ ಇಷ್ಟೆಂದೋ ಮೊದಲೇ ಮಾತಾಡಿಕೊಳ್ಳಿ.

ಮೊದಲ ಭೇಟಿಗೆ ಹೋಗುವಾಗ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್, ಗಿರಾಕಿಯ ಜೊತೆಗಿನ ವಾಟ್ಸ್‌ಆ್ಯಪ್ ಮಾತುಕತೆಯ ಪ್ರಿಂಟ್ ಒಯ್ಯಿರಿ. ಜೊತೆಗೆ ಒಂದು ಹಾಳೆ: ಕೋಡ್‌ನ ಯಾವ ಭಾಗವನ್ನು ಯಾರು ಬರೆದರು, ಅವರು ನೌಕರರೋ ಹೊರಗಿನವರೋ. ನಮಗೆ ಆ ಹಾಳೆ ತುಂಬಿಸಲು ಎರಡು ದಿನ ಹಿಡಿಯಿತು.