ಜೀಪಿನ ಪಟ್ಟಿ, ಉಬ್ಬು ಬಾಯಿ: ಮಲೆನಾಡಿನ ಮರಕ್ಕೆ ಹೊಂದಿದ ನನ್ನ ಚಾಕು

ನಮ್ಮ ಮಳೆಗಾಲಕ್ಕೆ ಸ್ಕ್ಯಾಂಡಿ ಗ್ರೈಂಡ್ ಚಾಕು (ಅಲಗಿನ ಕೆಳಭಾಗ ಮಾತ್ರ ಎರಡೂ ಬದಿ ನೇರ ಇಳಿಜಾರಾಗಿ ಹರಿತ ಅಂಚಿಗೆ, ಅಂದರೆ ಬಾಯಿಗೆ, ಸೇರುವಂಥದ್ದು) ಇದ್ದ ಹಾಗೇ ನಡೆಯುವುದಿಲ್ಲ ಅಂತ ಹೇಳಿದಾಗ ಚಾರಣದ ಗೆಳೆಯರು ಯಾರೂ ಒಪ್ಪಲಿಲ್ಲ. ಬುಷ್‌ಕ್ರಾಫ್ಟ್ (ಕಾಡಿನಲ್ಲಿ ಸಿಗುವುದನ್ನೇ ಬಳಸಿ ಬದುಕುವ ಕಲೆ) ಮಾಡುವವರೆಲ್ಲ ಸ್ಕ್ಯಾಂಡಿಯನ್ನೇ ಹಿಡಿದಿದ್ದಾರೆ, ನಿನ್ನದೊಂದು ಹೊಸ ರಾಗ ಅಂದರು. ಈಗ ನಾನು ಮಾಡಿಸಿದ ಉಬ್ಬು ಬಾಯಿಯ ಚಾಕು ನೋಡಿ ಅವರೇ "ನಂಗೂ ಅಂಥದ್ದೊಂದು ಮಾಡ್ಸಿಕೊಡು ಮಾರಾಯ" ಅಂತ ಫೋನ್ ಮಾಡುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ಸ್ಕ್ಯಾಂಡಿ ಬೆಳೆದದ್ದು ಸ್ವೀಡನ್, ನಾರ್ವೆ, ಫಿನ್ಲೆಂಡ್ ಕಡೆ. ಅಲ್ಲಿ ಕೈಗೆ ಸಿಗುವುದು ಬರ್ಚ್, ಪೈನ್, ಸ್ಪ್ರೂಸ್. ನಮಗೆ ಸಿಗುವುದು ಒಣ ಮತ್ತಿ, ಹೊನ್ನೆ, ಬಿದಿರಿನ ಗಿಣ್ಣು, ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ). ಬಿದಿರಿನ ಹೊರಸಿಪ್ಪೆಯಲ್ಲಿ ಸಿಲಿಕಾ ಇರುತ್ತದೆ, ಎಂಥ ಬಾಯಿಯನ್ನೂ ಬೇಗ ಸವೆಸುತ್ತದೆ. ದಬ್ಬೆಯ ಹೊರನಾರಂತೂ ತಂತಿ ಇದ್ದ ಹಾಗೆ. ಇನ್ನು ಜುಲೈನಲ್ಲಿ ಬೆಂಕಿ ಹಾಕಬೇಕು ಅಂದರೆ ಹೊರಗಿನ ಮರವೆಲ್ಲ ನೆಂದು ನೀರಾಗಿರುತ್ತದೆ, ಒಣ ತಿರುಳು ಬೇಕೆಂದರೆ ಚಾಕುವಿನ ಬೆನ್ನಿಗೆ ಕೊಡತಿಯಿಂದ ಹೊಡೆದು ಸೀಳಲೇಬೇಕು, ಹಾಗೆ ಸೀಳುವಾಗ ಒಳಗೆ ಗಂಟು ಎಲ್ಲಿದೆ ಅಂತ ಯಾರಿಗೆ ಗೊತ್ತು? ಬಾಯಿ ಹೋಗುವುದು ಅಲ್ಲೇ.

ನನ್ನ ಮೊದಲ ಸ್ಕ್ಯಾಂಡಿ ಚಾಕು ಸುಮಾರು ₹2,500 ಕೊಟ್ಟು ತಂದದ್ದು, ದಪ್ಪ ಎರಡೂವರೆ ಮಿ.ಮೀ. ಹಲಸಿನ ಕೊಂಬೆಯಲ್ಲಿ ಸೌಟು ಕೆತ್ತಲು, ಬೆಂಕಿ ಹಚ್ಚಲು ಕೆತ್ತುವ ಫೆದರ್ ಸ್ಟಿಕ್‌ನಲ್ಲಿ ಸುರುಳಿ ಎಬ್ಬಿಸಲು ಅದಕ್ಕೆ ಸಾಟಿಯೇ ಇಲ್ಲ, ಈಗಲೂ ಅದೇ ಮಾತು ಹೇಳುತ್ತೇನೆ. ಆದರೆ ಮತ್ತಿಯ ಗಂಟಿಗೆ ಸಿಕ್ಕಾಗ ಬಾಯಿ ಮಡಚಿತು. ಬಿದಿರಿನ ಗಿಣ್ಣಿನಲ್ಲಿ ಚೂರು ಹಾರಿತು. ಎರಡೂ ಬದಿ ಸೇರಿ 23 ಡಿಗ್ರಿ ಇರುವ ಬಾಯಿ, ಹಿಂದೆ ಬೆಂಬಲಕ್ಕೆ ಲೋಹ ತೀರಾ ಕಡಿಮೆ, ಇನ್ನೇನಾಗಬೇಕು? ಅದನ್ನು ಸರಿ ಮಾಡಲು ಇಡೀ ಇಳಿಜಾರನ್ನೇ ಕಲ್ಲಿನ ಮೇಲೆ ತೇಯಬೇಕು. ಒಂದು ಸಂಜೆ ಪೂರ್ತಿ ಅದಕ್ಕೇ ಹೋಗುತ್ತದೆ.

ಆಮೇಲೆ ಫುಲ್ ಫ್ಲಾಟ್ (ಬೆನ್ನಿನಿಂದ ಬಾಯಿಯವರೆಗೂ ನೇರ ಇಳಿಜಾರು) ಒಂದು ತರಿಸಿದೆ, ಆನ್‌ಲೈನ್‌ನಲ್ಲಿ, ₹4,000ದ ಹತ್ತಿರ. ಐದು ಮಿ.ಮೀ. ದಪ್ಪ, ತೂಕ ಜಾಸ್ತಿ. ಬಾಯಿ ಗಟ್ಟಿ ನಿಂತಿತು, ನಿಜ, ಆದರೆ ನೆಂದ ಮರದಲ್ಲಿ ಅದರ ಅಗಲ ಕೆನ್ನೆ (ಅಲಗಿನ ಬದಿ) ಕಚ್ಚಿಕೊಂಡು ಬಿಡುತ್ತದೆ, ಎಳೆದು ತೆಗೆಯುವುದರಲ್ಲಿ ಕೈ ಸೋಲುತ್ತದೆ. ಹಾಲೋ ಗ್ರೈಂಡ್ (ಬದಿ ಒಳಕ್ಕೆ ತಗ್ಗಿದ್ದು) ಬಗ್ಗೆ ಬರೆಯುವುದೇ ಬೇಡ. ಮಾಂಸ, ತರಕಾರಿಗೆ ಸರಿ, ದಬ್ಬೆ ಸೀಳಲು ಅಲ್ಲ.

ದಾರಿ ತೋರಿಸಿದ್ದು ಗೆಳೆಯನ ಫಾಲ್ಕ್‌ನಿವೆನ್ ಎಫ್1. ಸ್ವೀಡನ್ ವಾಯುಪಡೆ 1995ರಿಂದ ಪೈಲಟ್‌ಗಳಿಗೆ ಕೊಡುವ ಚಾಕು. ನಾಲ್ಕೂವರೆ ಮಿ.ಮೀ. ದಪ್ಪ, ಕಾನ್ವೆಕ್ಸ್ ಬಾಯಿ, ಅಂದರೆ ಬದಿ ಹೊರಕ್ಕೆ ಉಬ್ಬಿ ಅಂಚಿಗೆ ಸೇರುವಂಥದ್ದು. ವಾರಗಟ್ಟಲೆ ಇಟ್ಟುಕೊಂಡು ದಬ್ಬೆ ಸೀಳಿದೆ, ಒಂದು ಚೂರೂ ಹಾರಲಿಲ್ಲ. ಉಬ್ಬಿದ ಕೆನ್ನೆ ಮರವನ್ನು ಪಕ್ಕಕ್ಕೆ ತಳ್ಳುತ್ತದೆ, ಕಚ್ಚಿಕೊಳ್ಳುವುದಿಲ್ಲ. ಆದರೆ ₹15,000ಕ್ಕೂ ಮೇಲೆ! ಅಷ್ಟು ಕೊಟ್ಟು ತೋಟದಲ್ಲಿ ಕೊಡತಿ ಏಟು ಹಾಕುವ ಮನಸ್ಸು ನನಗಿಲ್ಲ. ಮತ್ತೆ ಮನೆಯ ಹಳೆ ಕತ್ತಿಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಅಜ್ಜನ ಕಾಲದಿಂದ ಕೈಯಲ್ಲೇ ಮಸೆದು ಮಸೆದು ಅವುಗಳ ಬಾಯಿ ತಾನಾಗಿಯೇ ಉಬ್ಬಿದೆ. ಹಾಗಾದರೆ ನಮ್ಮ ಕುಲುಮೆಯಲ್ಲೇ ಯಾಕಾಗಬಾರದು?

ಗುಜರಿಯಲ್ಲಿ ಜೀಪಿನ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಹಿಡಿದೆ, ಕೆಜಿಗೆ ₹70ರ ಆಸುಪಾಸು. ಲಾರಿಯದ್ದು ತುಂಬಾ ದಪ್ಪ, ಬಡಿದು ತೆಳು ಮಾಡುವುದೇ ದೊಡ್ಡ ಕೆಲಸ. ಹಳೆ ಪಟ್ಟಿ ಇಎನ್45 ಇರಬಹುದು, 50ಸಿಆರ್‌ವಿ4 ಇರಬಹುದು, ಎರಡೂ ಸ್ಪ್ರಿಂಗ್ ಉಕ್ಕಿನ ದರ್ಜೆಗಳೇ, ಗುಜರಿಯವರನ್ನು ಕೇಳಿ ಪ್ರಯೋಜನವಿಲ್ಲ. ಒಂದು ತುಂಡು ಕಾಯಿಸಿ, ಎಣ್ಣೆಗದ್ದಿ, ಮುರಿದು ನೋಡಿ. ಮುರಿದ ಜಾಗ ನಯವಾಗಿ ಬೂದು ಬಣ್ಣಕ್ಕಿದ್ದರೆ ಮುಂದುವರಿಸಿ. ಸಕ್ಕರೆ ಹರಳು ಕಂಡರೆ ಕಾವು ಹೆಚ್ಚಾಗಿದೆ ಅಂತ. ವರ್ಷಗಟ್ಟಲೆ ಕುಣಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತದೆ, ರಂಧ್ರದ ಸುತ್ತಲಿನ ಭಾಗ ಬಿಟ್ಟುಬಿಡಿ.

ದೊಡ್ಡ ಜಗಳ ಆದದ್ದು ಹದದ ವಿಷಯಕ್ಕೆ. ನಮ್ಮ ಕಮ್ಮಾರ ಆಚಾರ್ರು ಕತ್ತಿ, ಗುದ್ದಲಿಗೆಲ್ಲ ನೀರಿನಲ್ಲೇ ಹದ ಹಾಕುವವರು. "ನೀರು ಕುಡಿಯದ ಕತ್ತಿಗೆ ಹದ ಎಲ್ಲಿಂದ ಬರ್ತದೆ ಮಾರಾಯ್ರೆ?" ಅಂದರು. ಅವರ ಮಾತಿಗೆ ಬೆಲೆ ಕೊಟ್ಟು ಮೊದಮೊದಲು ನೀರಿಗೇ ಹಾಕಿದೆವು. ಟಿಂಗ್ ಅಂತ ಸದ್ದು, ಬಾಯಿಯಿಂದ ಬೆನ್ನಿನವರೆಗೆ ಬಿರುಕು. ಇನ್ನೊಂದು ಬಾಗಿ ಬಾಳೆಹಣ್ಣಿನ ಆಕಾರಕ್ಕೆ ಬಂತು. ಆ ಚಾಕುಗಳ ಕೂಲಿ, ಇದ್ದಿಲು, ಗ್ರೈಂಡರಿನ ಫ್ಲ್ಯಾಪ್ ಡಿಸ್ಕ್ ಎಲ್ಲ ಸೇರಿ ₹4,000 ನೀರಿಗೆ ಹೋಯಿತು. ಮತ್ತೆ ನಾನು ಹಟ ಹಿಡಿದೆ. ಆಯಸ್ಕಾಂತ ಅಂಟುವುದು ನಿಲ್ಲುವುದು 770 ಡಿಗ್ರಿಯಲ್ಲಿ, ಅಲ್ಲಿಂದ ಇನ್ನೂ ಒಂದು ಛಾಯೆ ಕೆಂಪೇರಬೇಕು, 830ರ ಹತ್ತಿರ. ಹಗಲಲ್ಲಿ ಬಣ್ಣ ಮೋಸ ಮಾಡುತ್ತದೆ, ಸಂಜೆ ಕತ್ತಲಾದ ಮೇಲೆ ಮಾಡಿ. ಬೆಚ್ಚಗಿನ ಎಣ್ಣೆಗೆ ನೇರ ಕೆಳಕ್ಕೆ ಅದ್ದಿ, ಪಕ್ಕಕ್ಕೆ ಅಲ್ಲಾಡಿಸಬೇಡಿ. ಎಣ್ಣೆ ಭಗ್ಗನೆ ಹತ್ತಿಕೊಳ್ಳುತ್ತದೆ, ಡಬ್ಬಕ್ಕೆ ಮುಚ್ಚಳ ಕೈಯಳತೆಯಲ್ಲೇ ಇರಲಿ. ಹೊರಗೆ ತೆಗೆದಾಗ ಅರ ಜಾರಿತು, ಕಚ್ಚಲೇ ಇಲ್ಲ, ಅಂದರೆ ಹದ ಹಿಡಿದಿದೆ. ಆಚಾರ್ರು ತಾವೇ ಅರ ತಗೊಂಡು ಇನ್ನೊಮ್ಮೆ ಉಜ್ಜಿ ನೋಡಿದರು. ಈಗ ಅವರ ಕುಲುಮೆಯಲ್ಲೂ ಎಣ್ಣೆ ಡಬ್ಬ ಇದೆ.

ಅದಾದ ಮೇಲೆ ಪೆಡಸು ತಗ್ಗಿಸಲು ಮನೆಯ ಓಟಿಜಿ ಓವನ್ನಿನಲ್ಲಿ 200 ಡಿಗ್ರಿ, ಎರಡೆರಡು ಗಂಟೆ, ಎರಡು ಸಲ. ಒಣಹುಲ್ಲಿನ ಬಣ್ಣ ಬರಬೇಕು. ಮನೆಯವಳು ಕೇಕ್ ಮಾಡುವ ದಿನ ಬಿಟ್ಟು ಬೇರೆ ದಿನ ನೋಡಿಕೊಳ್ಳಿ.

ಗ್ರೈಂಡ್ ವಿಷಯ. ಬೆನ್ನು ಮೂರೂವರೆ ಮಿ.ಮೀ., ಅಲಗು ನಾಲ್ಕು ಇಂಚಿಗಿಂತ ಸ್ವಲ್ಪ ಉದ್ದ, ಅಗಲ 28 ಮಿ.ಮೀ. ಇರಬೇಕು. ಆ್ಯಂಗಲ್ ಗ್ರೈಂಡರ್‌ನಲ್ಲಿ ಎತ್ತರದ ಫ್ಲಾಟ್ (ಬೆನ್ನಿನ ಹತ್ತಿರದಿಂದಲೇ ನೇರ ಇಳಿಜಾರು) ಇಳಿಸಿ, ಬಾಯಿಯ ಕಡೆಯ ಕಾಲು ಭಾಗ ಮಾತ್ರ ಉಬ್ಬಿಸುತ್ತೇನೆ. ಬಹಳ ಜನ ಕಾನ್ವೆಕ್ಸ್ ಅಂದರೆ ಕೊಡಲಿ ಬಾಯಿ ಅಂದುಕೊಂಡು ದಪ್ಪ ಬಿಡುತ್ತಾರೆ, ಆಮೇಲೆ ಕೆತ್ತಲು ಬರುವುದಿಲ್ಲ ಅಂತ ಬೈಯುತ್ತಾರೆ. ಬಾಯಿಯಿಂದ ಒಂದು ಮಿ.ಮೀ. ಹಿಂದೆ ದಪ್ಪ ಅರ್ಧ ಮಿ.ಮೀ. ಇರಲಿ, ಕೊನೆಯ ಕೋನ 30 ಡಿಗ್ರಿಯ ಹತ್ತಿರ ಕೂರುತ್ತದೆ. ಹಳೆ ಸೈಕಲ್ ಟ್ಯೂಬ್ ಹಲಗೆಗೆ ಅಂಟಿಸಿ, ಮೇಲೆ ವಾಟರ್ ಪೇಪರ್ ಇಟ್ಟು ಬೆನ್ನಿನ ಕಡೆಗೆ ಎಳೆಯಬೇಕು, ಮುಂದಕ್ಕೆ ತಳ್ಳಿದರೆ ಪೇಪರ್ ಹರಿಯುತ್ತದೆ. ಪೇಪರಿನ ನಂಬರ್ 400, 800, 1500, ಆಮೇಲೆ ಚರ್ಮದ ಮೇಲೆ ಹಸಿರು ಬಫಿಂಗ್ ಸೋಪು. ಟ್ಯೂಬ್ ಎಷ್ಟು ಪದರ, ಒತ್ತಡ ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ, ಕೈ ಕೂತರೆ ನಿಮಗೇ ತಿಳಿಯುತ್ತದೆ. ಆ ಮೊದಲ ಸ್ಕ್ಯಾಂಡಿಗೂ ಇದೇ ಹಲಗೆಯಲ್ಲಿ ಕೂದಲೆಳೆಯಷ್ಟು ಉಬ್ಬು ಕೊಟ್ಟೆ. ಈಗ ಅದೂ ಬಿದಿರಿಗೆ ತಡೆಯುತ್ತದೆ. ಹೊಸ ಚಾಕು ಬೇಡ ಅನ್ನುವವರು ಇಷ್ಟು ಮಾಡಿದರೂ ಸಾಕು.

ತುಕ್ಕಿನ ಬಗ್ಗೆ ಒಂದು ಪ್ರಯೋಗ. ಅಡಿಕೆ ಬೇಯಿಸಿದ ಚೊಗರು ಮನೆಯಲ್ಲಿ ಇದ್ದೇ ಇರುತ್ತದಲ್ಲ, ಅದರಲ್ಲಿ ಟ್ಯಾನಿನ್ ತುಂಬಾ. ಎಣ್ಣೆ ಪಸೆ ತೆಗೆದ ಅಲಗನ್ನು ಬಿಸಿ ಚೊಗರಿನಲ್ಲಿ ರಾತ್ರಿಯಿಡೀ ಮುಳುಗಿಸಿದರೆ ನೀಲಿಗಪ್ಪು ಬಣ್ಣ ಹಿಡಿಯುತ್ತದೆ. ವಿನೆಗರ್‌ ಹಾಕಿ ಬರಿಸುವ ಕಪ್ಪಿಗಿಂತ ಚೆನ್ನಾಗಿ ನಿಂತಿದೆ. ಅದಕ್ಕೆ ಇನ್ನೊಂದು ಹುಳಿ ಸೇರಿಸುತ್ತೇನೆ, ಯಾವುದು ಅಂತ ಈಗ ಹೇಳುವುದಿಲ್ಲ. ಮೇಲೆ ಕೊಬ್ಬರಿ ಎಣ್ಣೆ ಸವರಿದರೆ ಆಯಿತು. ಒರೆಗೂ ಅಡಿಕೆ ಹಾಳೆ ನೆನೆಸಿ ಒತ್ತಿ ನೋಡಿದೆ, ಬೇಸಿಗೆಯಲ್ಲಿ ಚಂದ, ಆಷಾಢದಲ್ಲಿ ಬೂಸ್ಟು. ಚರ್ಮದ್ದೂ ಅದೇ ಕಥೆ. ಕೊನೆಗೆ ಪಿವಿಸಿ ಪೈಪ್ ಬಿಸಿ ಮಾಡಿ ಚಪ್ಪಟೆ ಮಾಡಿದ ಒರೆಯೇ ಗೆದ್ದಿತು, ಖರ್ಚು ₹50 ಇಲ್ಲ.

ಕೆಟ್ಟದ್ದನ್ನು ಬಿಟ್ಟು ಲೆಕ್ಕ ಹಾಕಿದರೆ ಒಂದು ಚಾಕುವಿಗೆ ₹1,700 ಬೀಳುತ್ತದೆ, ಆಚಾರ್ರ ಕೂಲಿ ₹800 ಅದರಲ್ಲೇ ಬಂತು. ಹಿಡಿಗೆ ಹಳೆ ಮಂಚದ ಬೀಟೆ ತುಂಡು. ಮಾಡಿಸುವವರು ಒಂದು ನೆನಪಿಟ್ಟುಕೊಳ್ಳಿ: ಅಲಗು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಆದರೆ, ಮನೆಗೆಲಸ, ಕೃಷಿಗೆ ಮಾಡಿದ್ದಲ್ಲದಿದ್ದರೆ, ಶಸ್ತ್ರಾಸ್ತ್ರ ನಿಯಮಕ್ಕೆ ಬರುತ್ತದೆ. ಅಭಯಾರಣ್ಯದೊಳಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ. ನನ್ನ ಪರೀಕ್ಷೆಗಳೆಲ್ಲ ಸ್ವಂತ ತೋಟದಲ್ಲೇ ಆದವು. ಆಚಾರ್ರಿಗೆ ಕೊಡುವಾಗ ಪಟ್ಟಿಯ ಜೊತೆ ರಟ್ಟಿನಲ್ಲಿ ಕತ್ತರಿಸಿದ ಅಳತೆಯ ಆಕಾರವನ್ನೂ ಕೊಡಿ. ಬಾಯಿಯ ದಪ್ಪ ಹದಕ್ಕೆ ಮೊದಲು ಒಂದೂವರೆ ಮಿ.ಮೀ. ಬಿಡಿ, ಅದಕ್ಕಿಂತ ತೆಳುವಾದರೆ ಎಣ್ಣೆಯಲ್ಲೂ ಬಾಗುತ್ತದೆ.